ಮೈಗೆ ಹತ್ತಿದ ಔಷಧ

ಮಸ್ಕಿಯ ಗುಡ್ಡದ ಬುಡದ ಓಣಿಯಲ್ಲಿ ಅಮರಗುಂಡಪ್ಪನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಯಾವ ಕಟ್ಟೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿರುತ್ತದೋ ಅದೇ ಅವನ ಮನೆ. ಹಿತ್ತಲ ಗಿಡ ಮದ್ದಲ್ಲ ಎಂದು ಲೋಕ ಹೇಳುತ್ತದೆ. ಅಮರಗುಂಡಪ್ಪನ ಹಿತ್ತಲ ಗಿಡ ಮಾತ್ರ ಮುದಗಲ್ಲಿನಿಂದ ವಳಕಮದಿನ್ನಿಯವರೆಗೆ ಎಲ್ಲರಿಗೂ ಮದ್ದು. ಕಾಮಾಲೆಗೆ ಕೊಡುತ್ತಾನೆ, ಕೀಲುನೋವಿಗೆ ಕೊಡುತ್ತಾನೆ, ಆದರೆ ಹೆಸರು ತಂದುಕೊಟ್ಟದ್ದು ಮೂರ್ಛೆರೋಗದ ಔಷಧ. ಅದಕ್ಕಾಗಿ ಕೈಯಲ್ಲಿ ದುಡ್ಡು ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿ, ಎರಡು ಊದಿನಕಡ್ಡಿ ತಂದರೆ ಆಯಿತು. ಇಂಥ ಮನುಷ್ಯನನ್ನು ಸುಳ್ಳುಗಾರ ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ. ಅಷ್ಟಕ್ಕೂ ಅವನು ಸುಳ್ಳುಗಾರನಲ್ಲ. ಸುಳ್ಳು ಅವನ ಹೆಂಡತಿ ಕಸ್ತೂರೆಮ್ಮನದು.

ಆ ಸುಳ್ಳು ಶುರುವಾಗಿ ಇಪ್ಪತ್ತು ವರ್ಷ ದಾಟಿತು. ಮಗ ಸಂಗನಬಸವ ಆಗ ಮೂರನೆಯ ತರಗತಿ. ಒಂದು ದಿನ ಶಾಲೆಯಲ್ಲೇ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಅಮರಗುಂಡಪ್ಪ ತನ್ನ ಅಪ್ಪನಿಂದ ಕಲಿತ ಬೇರನ್ನು ತಂದು, ಒಂದೆಲಗದ ರಸದಲ್ಲಿ ಅರೆದು, ಉಂಡೆ ಕಟ್ಟಿ ಕೊಟ್ಟ. ಹುಡುಗ ಮತ್ತೆ ಬಿದ್ದ. ಮತ್ತೆ ಕೊಟ್ಟ, ಮತ್ತೆ ಬಿದ್ದ. ದವಾಖಾನೆಗೆ ಹೋಗೋಣವೆಂದು ಕಸ್ತೂರೆಮ್ಮ ಬಾಯಿ ತೆರೆದರೆ ಗಂಡನದು ಒಂದೇ ಮಾತು: ಊರಿಗೆಲ್ಲ ಔಷಧ ಕೊಡುವ ಮನೆಯ ಹುಡುಗ ಡಾಕ್ಟರ ಬಾಗಿಲಲ್ಲಿ ನಿಂತರೆ ನಾಳೆ ಈ ಕಟ್ಟೆಗೆ ಯಾರು ಬರುತ್ತಾರೆ? ಮಾತೇನೋ ಸರಿಯೇ. ಆದರೆ ಹೆತ್ತ ಕರುಳು ಸರಿತಪ್ಪು ತೂಗುತ್ತ ಕೂಡುವುದಿಲ್ಲ. ಮುದಗಲ್ಲಿನ ಅಕ್ಕನ ಮನೆಗೆ ಹೋಗಿಬರುತ್ತೇನೆಂದು ಮಗನನ್ನು ಕರೆದುಕೊಂಡು ಬಸ್ಸು ಹತ್ತಿದವಳು ದಾರಿಯಲ್ಲಿ ಲಿಂಗಸುಗೂರಿನಲ್ಲೇ ಇಳಿದಳು. ಡಾಕ್ಟರು ನೋಡಿ ಗುಳಿಗೆ ಬರೆದುಕೊಟ್ಟರು, ವರ್ಷಗಟ್ಟಲೆ ತಪ್ಪಿಸಬಾರದು ಎಂದರು. ಹೊಟ್ಟೆಹುಳಕ್ಕೆ ತೋರಿಸಿದ್ದೆಂದು ಮಗನಿಗೆ ಹೇಳಿದ್ದಾಯಿತು.

ಗುಳಿಗೆ ತಂದದ್ದೇನೋ ಸರಿ, ಮನೆಯಲ್ಲಿ ತಿನ್ನಿಸುವುದು ಹೇಗೆ? ದಾರಿ ಗಂಡನೇ ಮಾಡಿಟ್ಟಿದ್ದ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಔಷಧದಲ್ಲಿ ಏನೇನಿದೆ ಎಂದು ಯಾರೂ ಕೇಳಬಾರದು, ಕೊಡುವವನು ಹೇಳಬಾರದು. ಹೆಸರು ಹೇಳಿದರೆ ಔಷಧ ಸಾಯುತ್ತದೆ. ಹೆಂಡತಿಗೂ ಹೇಳುವಂತಿಲ್ಲ. ಅವನು ಬಾಗಿಲು ಮುಂದೆ ಮಾಡಿಕೊಂಡು ಒಬ್ಬನೇ ಅರೆದು ತರುತ್ತಿದ್ದ; ಮಗನ ಪಾಲನ್ನು ತುಪ್ಪದಲ್ಲಿ ಕಲಸಿ ತಿನ್ನಿಸುವ ಕೆಲಸ ಮಾತ್ರ ಇವಳದು. ಯಾರೂ ಒಡೆದು ನೋಡದ, ಏನಿದೆ ಎಂದು ಕೇಳದ ಒಂದು ವಸ್ತು ಆ ಮನೆಯಲ್ಲಿ ಇದ್ದರೆ ಅದು ಆ ಉಂಡೆ. ಕಸ್ತೂರೆಮ್ಮ ಗುಳಿಗೆ ಪುಡಿಮಾಡಿ ಅದರೊಳಗೇ ಸೇರಿಸಿದಳು. ಹುಡುಗ ಮತ್ತೆ ಬೀಳಲಿಲ್ಲ.

ಒಂದು ತಿಂಗಳು ಕಳೆಯಲಿ, ಹೇಳಿದರಾಯಿತು ಅಂದುಕೊಂಡಿದ್ದಳು. ಆ ತಿಂಗಳೊಳಗೆ ಅಮರಗುಂಡಪ್ಪ ಮಗನ ಭುಜದ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, ನಮ್ಮಪ್ಪನ ಬೇರು ಸುಳ್ಳಾಗಲಿಲ್ಲ ನೋಡು ಅಂದ. ಆ ಮುಖ ನೋಡಿ ಅವಳು ಹೇಳುವುದನ್ನು ಮುಂದೆ ಹಾಕಿದಳು. ಆಮೇಲೆ ಹತ್ತೂರಿನ ಜನ ಬರತೊಡಗಿದರು. ಬಂದವರ ಮುಂದೆ ಅವನು ಮಗನನ್ನು ಕರೆದು ನಿಲ್ಲಿಸುತ್ತಿದ್ದ. ಹೀಗೆ ಬಾಯಲ್ಲಿ ಇಟ್ಟುಕೊಂಡ ಬಿಸಿತುಪ್ಪವನ್ನು ಕಸ್ತೂರೆಮ್ಮ ಅಂದಿನಿಂದ ಉಗುಳಲೂ ಇಲ್ಲ, ನುಂಗಲೂ ಇಲ್ಲ. ತಿಂಗಳಿಗೊಮ್ಮೆ ಅಕ್ಕನ ಮನೆಯ ನೆವದಲ್ಲಿ ಲಿಂಗಸುಗೂರಿಗೆ ಹೋಗಿ ಜಾಹೀದನ ಮೆಡಿಕಲ್ ಅಂಗಡಿಯಲ್ಲಿ ಗುಳಿಗೆ ತರುತ್ತಿದ್ದಳು. ಪಾಪ, ಜಾಹೀದ್ ಅದು ಅವಳಿಗೇ ಬೇಕಾದ ಗುಳಿಗೆ ಎಂದು ತಿಳಿದು ಆರೋಗ್ಯ ವಿಚಾರಿಸುತ್ತಿದ್ದ.

ಈಗ ಸಂಗನಬಸವ ಮೂವತ್ತರ ಗಂಡಸು, ಮಸ್ಕಿಯಲ್ಲೇ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಈ ಚಳಿಗಾಲದಲ್ಲಿ ಅವನ ನಡಿಗೆ ಯಾಕೋ ತಪ್ಪತೊಡಗಿತು. ಹೊಸ್ತಿಲು ದಾಟುವಾಗ ಬಾಗಿಲು ಹಿಡಿಯುತ್ತಿದ್ದ. ಮಾತು ತೊದಲುತ್ತಿತ್ತು, ಹಗಲಲ್ಲೇ ತೂಕಡಿಕೆ. ಕುಡಿಯಲು ಕಲಿತಿದ್ದಾನೆ ಎಂದು ಓಣಿಯವರು ಗುಸುಗುಸು ಮಾಡಿದರು. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ; ಅಮರಗುಂಡಪ್ಪ ಒಂದು ಸಂಜೆ ಮಗನ ಬಾಯಿ ಮೂಸಿಯೂ ನೋಡಿದ. ಕಸ್ತೂರೆಮ್ಮನಿಗೆ ಬೇರೆ ಭಯ. ರೋಗ ತಿರುಗಿ ಬರುತ್ತಿದೆ, ಗುಳಿಗೆ ಸಾಲುತ್ತಿಲ್ಲ ಎಂದು ಅವಳ ಲೆಕ್ಕ. ಕೇಳಲು ಯಾರಿದ್ದಾರೆ? ಉಂಡೆಯಲ್ಲಿ ಇನ್ನೊಂದು ಗುಳಿಗೆ ಹೆಚ್ಚು ಸೇರಿಸಿದಳು. ಮಗ ಇನ್ನಷ್ಟು ತೂರಾಡಿದ.

ಪಾಮನಕಲ್ಲೂರಿನ ಆದೆಮ್ಮ ಬಂದದ್ದು ಆ ದಿನಗಳಲ್ಲೇ, ಒಂದು ಭಾನುವಾರ. ಜೊತೆಗೆ ಮಗಳು ಹುಲಿಗೆಮ್ಮ, ಎಂಟೊಂಬತ್ತರ ಹುಡುಗಿ, ಎರಡು ಜಡೆಗೆ ಕೆಂಪು ರಿಬ್ಬನ್. ಸಿಂಧನೂರಿನ ದವಾಖಾನೆಯ ಗುಳಿಗೆಯಿಂದ ಹುಡುಗಿಗೆ ಈಚೆಗೆ ಮೂರ್ಛೆ ಬಂದಿರಲಿಲ್ಲ, ಆದರೆ ಜೀವನವಿಡೀ ಗುಳಿಗೆಯೇ ಗತಿಯೇ ಎಂದು ತಾಯಿಗೆ ಚಿಂತೆ. ಅಮರಗುಂಡಪ್ಪ ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದ. ಈ ಸಲ ಔಷಧವನ್ನು ಖಾರ ಮಾಡಿದ್ದೇನೆ, ಚೆನ್ನಾಗಿ ಮೈಗೆ ಹತ್ತುತ್ತದೆ ಎಂದೂ ಸೇರಿಸಿದ. ಆಮೇಲೆ ಮಗನನ್ನು ಕರೆದ. ಸಂಗನಬಸವ ಗೋಡೆ ಹಿಡಿದು ಬಂದು ನಿಂತ. ನಿದ್ದೆಗೆಟ್ಟಿದ್ದಾನೆ ಎಂದು ಅಪ್ಪ ನಕ್ಕುಬಿಟ್ಟ.

"ಒಂದು ಮೈಯಾಗ ಎರಡು ಔಷಧ ಹೊಂದಂಗಿಲ್ಲವ್ವಾ. ಆ ಗುಳಿಗಿ ಬಂದ್ ಮಾಡು. ಇವ ನನ್ನ ಮಗ, ಒಂದ ದಿನಾನೂ ಗುಳಿಗಿ ನುಂಗಿದಾವಲ್ಲ."

ಹುಡುಗಿಗೆ ನೀರು ಕುಡಿಸುವ ನೆವದಲ್ಲಿ ಆದೆಮ್ಮ ಹಿತ್ತಲ ಬಾಗಿಲಿಗೆ ಬಂದಳು. ಗಂಡಸರ ಮಾತಿಗಿಂತ ಹೆಣ್ಣಿನ ಮಾತು ಗಟ್ಟಿ ಎಂದು ನಂಬಿದ ಹೆಂಗಸು ಅವಳು. ಕಸ್ತೂರೆಮ್ಮನ ಕೈಯಿಂದ ಚೊಂಬು ತೆಗೆದುಕೊಂಡು ಮೆಲ್ಲಗೆ ಕೇಳಿದಳು.

"ಅಮ್ಮಾರ, ನೀವೂ ಹೆತ್ತಾಕಿ ಅದೀರಿ. ಖರೇ ಹೇಳ್ರಿ, ಗುಳಿಗಿ ಬಿಡಿಸಿದ್ರ ನನ್ನ ಮಗಳಿಗೆ ಏನೂ ಆಗಂಗಿಲ್ಲಲ್ಲ?"

ಇಂಥ ತಾಯಂದಿರು ಹಿಂದೆಯೂ ಬಂದಿದ್ದರು, ಆದರೆ ಹೆಚ್ಚಿನವರು ಕಟ್ಟೆಯ ಮೇಲಿನ ಅಪ್ಪಾರ ಮಾತೇ ಸಾಕೆಂದು ಹೋಗುತ್ತಿದ್ದರು. ಹೀಗೆ ಎದುರಿಗೆ ನಿಂತು ಕೇಳಿದವರಿರಲಿಲ್ಲ. ಬಿಡಿಸಬೇಡ ಎನ್ನಬೇಕು. ಅಂದರೆ, ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಕಟ್ಟೆಯ ಮೇಲೆ ಕೂತ ಗಂಡನ ಇಪ್ಪತ್ತು ವರ್ಷವನ್ನು ಕಿತ್ತು ಅವಳ ಕೈಗಿಡಬೇಕು. ಹೊರಗೆ ಅವನು ಇನ್ನೊಬ್ಬ ಮುದುಕನ ಮೊಣಕಾಲು ನೀವುತ್ತ ಸಮಾಧಾನ ಹೇಳುವುದು ಕೇಳಿಸುತ್ತಿತ್ತು.

"ಅವರು ಹೇಳಿದಂಗ ಮಾಡವ್ವ," ಅಂದಳು.

ಆದೆಮ್ಮ ನೆಮ್ಮದಿಯಿಂದ ಹೋದಳು. ಕಸ್ತೂರೆಮ್ಮ ಬಚ್ಚಲಿಗೆ ಹೋಗಿ, ಏನೂ ಕೊಳೆಯಾಗದ ಕೈಗಳನ್ನು ಬಹಳ ಹೊತ್ತು ತೊಳೆದಳು. ತನ್ನ ಮೇಲೆ ತನಗೇ ಹೇಸಿಗೆ ಬಂದಿತ್ತು.

ಆ ವಾರದಲ್ಲೇ ಸಂಗನಬಸವ ಬೈಕಿನಿಂದ ಬಿದ್ದ. ಎದುರಿಗೆ ಗಾಡಿಯಿಲ್ಲ, ಗುಂಡಿಯಿಲ್ಲ, ಹಾಡಹಗಲಲ್ಲಿ ಸೀದಾ ಹೋಗಿ ಹಳ್ಳದ ಪಕ್ಕದ ಜಾಲಿಯಲ್ಲಿ ಬಿದ್ದಿದ್ದ. ಅಂಗಡಿಯವರೇ ಎತ್ತಿ ಲಿಂಗಸುಗೂರಿನ ದವಾಖಾನೆಗೆ ಒಯ್ದರು. ಗಂಡ ಹೆಂಡತಿ ಹಿಂದಿನಿಂದ ಓಡಿದರು. ಹೊಲಿಗೆ ಹಾಕುವಷ್ಟು ಗಾಯಕ್ಕೆ ದವಾಖಾನೆಗೆ ಹೋದರೆ ಅವಮಾನವಿಲ್ಲ ಎಂಬುದು ಅಮರಗುಂಡಪ್ಪನ ನಿಯಮ, ಆದ್ದರಿಂದ ಬಂದಿದ್ದ.

ಅಲ್ಲಿದ್ದವರು ಡಾಕ್ಟರ್ ಯಶೋಧರಾ, ಸಿಂಧನೂರಿನ ಕಡೆಯ ಹೆಣ್ಣುಮಗಳು, ಹಣೆ ಗಂಟಿಕ್ಕಿಕೊಂಡೇ ಕೆಲಸ ಮಾಡುವವರು. ಗಾಯ ಹೊಲಿದು, ತಮ್ಮ ಬೆರಳನ್ನು ಅತ್ತಿತ್ತ ಆಡಿಸುತ್ತ ಇದನ್ನೇ ನೋಡು ಅಂದರು. ಸಂಗನಬಸವನ ಕಣ್ಣುಗುಡ್ಡೆಗಳು ಬೆರಳಿನ ಜೊತೆ ಹೋಗದೆ ಪಕ್ಕಕ್ಕೆ ಅದುರಿದವು. ಬಾಯಿ ತೆರೆಸಿದರು. ಒಸಡುಗಳು ಉಬ್ಬಿ ಹಲ್ಲಿನ ಅರ್ಧಕ್ಕೆ ಇಳಿದಿದ್ದವು. ಹುಟ್ಟಿನಿಂದ ಅವನ ಒಸಡು ದಪ್ಪ ಎಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಕಸ್ತೂರೆಮ್ಮನೂ ಹಾಗೇ ತಿಳಿದಿದ್ದಳು. ಡಾಕ್ಟರು ಟಾರ್ಚು ಆರಿಸಿ ಅಮರಗುಂಡಪ್ಪನ ಕಡೆ ತಿರುಗಿದರು.

"ಎಷ್ಟ್ ವರ್ಷದಿಂದ ಫಿಟ್ಸಿನ ಗುಳಿಗಿ ತಗೊಳ್ಳಾಕತ್ತಾರ್ರೀ ಇವರು?"

"ಗುಳಿಗಿನಾ? ನಮ್ಮ ಮನಿ ಹೊಸ್ತಿಲಾ ದಾಟಿ ಒಂದ ಗುಳಿಗಿ ಒಳಗ ಬಂದಿಲ್ರೀ ಡಾಕ್ಟ್ರ."

ಎದೆ ಸೆಟೆಸಿ ಹೇಳಿದ. ಪಕ್ಕದಲ್ಲಿ ನಿಂತ ಕಸ್ತೂರೆಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಅತ್ತ ದರಿ, ಇತ್ತ ಪುಲಿ. ಗುಳಿಗೆ ಇಲ್ಲವೆಂದರೆ ಇದು ಮಿದುಳಿನ ಗಡ್ಡೆಯೂ ಇರಬಹುದು, ರಕ್ತ ಪರೀಕ್ಷೆ ಆಗಲಿ, ರಾಯಚೂರಿಗೆ ಒಯ್ದು ತಲೆಯ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳುತ್ತಿದ್ದರು. ಗಡ್ಡೆ ಎಂಬ ಮಾತಿಗೆ ಅಮರಗುಂಡಪ್ಪ ಕುಸಿದು ಬೆಂಚಿನ ಮೇಲೆ ಕೂತ. ಗಟ್ಟಿ ಮನುಷ್ಯ ಹಾಗೆ ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಅವನು ಚಹ ತರಲು ಹೋದಾಗ ಕಸ್ತೂರೆಮ್ಮ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಇಪ್ಪತ್ತು ವರ್ಷದ ಮಾತು ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಶೋಧರಾ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ, ಉಂಡೆಯಲ್ಲಿ ಗುಳಿಗೆ ಬಿಟ್ಟು ಇನ್ನೇನಿದೆ ಎಂದು ಕೇಳಿದರು. ತನಗೂ ಹೇಳಿಲ್ಲ ಅಂದಳು. ರುಚಿ? ಈ ಚಳಿಗಾಲದಿಂದ ಬಲು ಖಾರ, ಕಲಸಿದ ಬೆರಳು ನೆಕ್ಕಿದರೆ ಗಂಟಲು ಉರಿಯುತ್ತದೆ. ಕರಿಮೆಣಸು, ಹಿಪ್ಪಲಿ ಇರಬೇಕು, ವಾಸನೆ ಅದೇ.

ಯಶೋಧರಾ ಕುರ್ಚಿಗೆ ಒರಗಿ, ತಿಳಿಯುವ ಹಾಗೆ ಬಿಡಿಸಿ ಹೇಳಿದರು. ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕರುಳು ಒಂದಿಷ್ಟನ್ನು ಒಳಗೆ ಬಿಡುತ್ತದೆ, ಉಳಿದದ್ದು ಹಾಗೇ ಹೊರಗೆ. ಒಳಗೆ ಬಂದದ್ದನ್ನು ಪಿತ್ತಕೋಶದ ಪಕ್ಕದ ಲಿವರು ಒಡೆದು, ಕೆಲಸ ಮುಗಿದ ಮೇಲೆ ಸಾಗಹಾಕುತ್ತದೆ. ಮೆಣಸು, ಹಿಪ್ಪಲಿ ಕರುಳಿನ ಬಾಗಿಲನ್ನು ಅಗಲ ಮಾಡುತ್ತವೆ, ಲಿವರಿನ ಕೈಯನ್ನು ನಿಧಾನ ಮಾಡುತ್ತವೆ. ಹಳೆಯ ಕಾಲದವರು ಮೈಗೆ ಹತ್ತಲಿ ಎಂದು ಅದನ್ನು ಸೇರಿಸಿದ್ದು ಸುಮ್ಮನೆ ಅಲ್ಲ, ಹತ್ತುವುದು ನಿಜ. ಆದರೆ ಬೇರಿನ ಜೊತೆ ಗುಳಿಗೆಯೂ ಹತ್ತಿತು.

"ಕಾಲುವಿ ತೂಬು ನೋಡಿರಲ್ಲ? ಎಷ್ಟು ನೀರು ಹಾಯಬೇಕೋ ಅಷ್ಟ ಹಾಯ್ತೈತಿ. ಈ ಗುಳಿಗಿಗೆ ಲಿವರ್ ಅಂಥಾ ತೂಬು. ಒಂಚೂರು ಹೆಚ್ಚಾತಂದ್ರ ಹಿಂದಕ್ಕ ನಿಂತು ಹೊಲ ಮುಳುಗಸ್ತೈತಿ. ನೀವು ಅದರ ಮ್ಯಾಲೆ ಮತ್ತೊಂದು ಗುಳಿಗಿ ಹಾಕೀರಿ."

ಮಗನನ್ನು ಕಾಯುತ್ತೇನೆಂದು ತಾನೇ ವಿಷ ಉಣಿಸುತ್ತಿದ್ದೆ ಎಂಬುದು ಕಸ್ತೂರೆಮ್ಮನಿಗೆ ಆಗ ತಿಳಿಯಿತು. ಅಳು ಬರಲಿಲ್ಲ. ಇನ್ನೊಂದು ಪ್ರಶ್ನೆ ಅದಕ್ಕಿಂತ ಮುಂದೆ ಬಂದು ನಿಂತಿತ್ತು. ಬೇರೆ ಯಾರಾದರೂ, ಒಂದು ಮಗು ಅಂದುಕೊಳ್ಳಿ, ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು.

"ಫಿಟ್ಸ್ ತಿರುಗಿ ಬರ್ತಾವು. ಬಂದ್ರ ನಿಲ್ಲದಂಗ ಬರ್ತಾವು. ಜೀವಕ್ಕ ಬರ್ತೈತಿ. ಯಾಕ್ರೀ?"

ಸುಮ್ಮನೆ ಕೇಳಿದೆ ಅಂದಳು ಕಸ್ತೂರೆಮ್ಮ. ಯಶೋಧರಾ ಅವಳನ್ನೇ ನೋಡಿದರು. ಮಗನಿಗೆ ಸತ್ಯ ಹೇಳಲೇಬೇಕು, ಮುಂದಿನ ವಾರ ಹೊಲಿಗೆ ಬಿಚ್ಚಲು ಬಂದಾಗ ನೀವು ಹೇಳಿರದಿದ್ದರೆ ನಾನೇ ಹೇಳುತ್ತೇನೆ ಎಂದು ಗಡುವು ಕೊಟ್ಟರು.

ಗುಳಿಗೆ ನಿಲ್ಲಿಸಿ, ಮನೆಯ ಉಂಡೆಯೂ ಇಲ್ಲದೆ ದವಾಖಾನೆಯ ಮಂಚದಲ್ಲಿ ಮಲಗಿದ ಸಂಗನಬಸವನ ಕಣ್ಣು ದಿನದಿಂದ ದಿನಕ್ಕೆ ನೆಟ್ಟಗಾಯಿತು, ನಾಲಿಗೆ ತಿರುಗಿತು. ಇನ್ನು ಮುಂದೆ ಕಡಿಮೆ ಅಳತೆಯಲ್ಲಿ ಗುಳಿಗೆ ಶುರುಮಾಡಿ, ಮೆಣಸಿನ ಉಂಡೆ ಬೇಡವೇ ಬೇಡ ಎಂದು ಡಾಕ್ಟರು ಕಸ್ತೂರೆಮ್ಮನಿಗೊಬ್ಬಳಿಗೇ ಹೇಳಿದರು; ಗಂಡನಿಗೆ ಗಡ್ಡೆಯಲ್ಲ, ಸ್ಕ್ಯಾನ್ ಬೇಡ ಎಂದಷ್ಟೇ. ಅಮರಗುಂಡಪ್ಪ ಪಕ್ಕದ ಮಂಚದವರಿಗೆ ಆಗಲೇ ಕತೆ ಹೇಳತೊಡಗಿದ್ದ: ಇಲ್ಲಿ ಕೊಟ್ಟದ್ದೇನು, ಬರೀ ಸಲಾಯಿನು, ಮೈಯಲ್ಲಿದ್ದ ನಮ್ಮ ಔಷಧ ಕೆಲಸ ಮಾಡಿತು. ಕಸ್ತೂರೆಮ್ಮ ಕೇಳುತ್ತ ಕೂತಿದ್ದಳು. ಗಡ್ಡೆಯ ಭಯದಿಂದ ಎದ್ದು ಬಂದ ಮುಖ ಅದು. ಇವತ್ತು ಬೇಡ, ನಾಳೆ. ನಾಳೆ ಬಂತು, ಮತ್ತೆ ನಾಳೆ.

ಶನಿವಾರ ಮಧ್ಯಾಹ್ನ ಮೂವರೂ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಎದುರಿಗೇ ಪಾಮನಕಲ್ಲೂರಿನ ಬಸ್ಸು ನಿಂತಿತ್ತು, ಕಂಡಕ್ಟರು ಹೆಸರು ಕೂಗಿ ಕೂಗಿ ಕರೆಯುತ್ತಿದ್ದ. ಕಸ್ತೂರೆಮ್ಮನ ಕಾಲು ಅತ್ತ ತಿರುಗಿತು. ಆದರೆ ಏನೆಂದು ಹೇಳಿ ಹತ್ತುವುದು? ಅಲ್ಲಿ ಅವಳಿಗೆ ನೆಂಟರಿಲ್ಲ, ಕೆಲಸವಿಲ್ಲ. ಸುಳ್ಳಿಗೆ ಮುದಗಲ್ಲಿನ ಅಕ್ಕ ಇದ್ದಳು, ನಿಜಕ್ಕೆ ಒಂದು ನೆವವೂ ಇರಲಿಲ್ಲ. ಗಂಡ ಆಟೋ ನಿಲ್ಲಿಸಿ ಕರೆದ. ಹೋಗಿ ಕೂತಳು.

ಮರುದಿನ ಭಾನುವಾರ. ಕಟ್ಟೆಯ ಮುಂದೆ ಎಂದಿನಂತೆ ಜನ. ಮಗ ಗುಣವಾಗಿ ಬಂದದ್ದಕ್ಕೆ ಅಮರಗುಂಡಪ್ಪ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಒಂದು ಟಂಟಂ ಗಾಡಿ ಧೂಳೆಬ್ಬಿಸುತ್ತ ಬಂದು ನಿಂತಿತು. ಆದೆಮ್ಮ ಇಳಿದಳು, ತೋಳಿನಲ್ಲಿ ಹುಲಿಗೆಮ್ಮ. ಹುಡುಗಿಯ ಕೈಕಾಲು ಎಳೆಯುತ್ತಿದ್ದವು, ತುಟಿ ನೀಲಿ, ಒಂದು ಜಡೆ ಬಿಚ್ಚಿಹೋಗಿತ್ತು. ಮುಂಜಾನೆಯಿಂದ ಬಿಟ್ಟು ಬಿಟ್ಟು ಬರುತ್ತಿತ್ತಂತೆ, ಈಗ ಬಿಡುತ್ತಲೇ ಇಲ್ಲವಂತೆ. ದವಾಖಾನೆಗೆ ಒಯ್ಯಿರೆಂದು ಗಾಡಿಯವನು ಹೇಳಿದರೂ ಆದೆಮ್ಮ ಇಲ್ಲಿಗೇ ತಂದಿದ್ದಳು. ಇನ್ನಷ್ಟು ಖಾರದ್ದು ಕೊಡಿ ಅಪ್ಪಾರ ಎಂದು ಬೇಡಿಕೊಂಡಳು.

ಅಮರಗುಂಡಪ್ಪ ಗಾಬರಿಯಾಗಲಿಲ್ಲ. ಒಳಗಿನ ರೋಗ ಹೊರಗೆ ಬೀಳುವಾಗ ಹೀಗಾಗುತ್ತದೆ ಎಂದು ಸಮಾಧಾನ ಹೇಳಿ ಔಷಧದ ಡಬ್ಬಿಗೆ ಕೈಹಾಕಿದ. ಔಷಧ ಕೊಡುವಾಗ ಮನೆಯ ಹೆಂಗಸು ಕಟ್ಟೆಗೆ ಬರಬಾರದು. ಕಸ್ತೂರೆಮ್ಮ ಬಂದಳು. ಅವನ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಲ್ಲಿ ಗುಳಿಗೆಯ ಪಟ್ಟಿ ಇತ್ತು.

"ಅದನ್ನ ಕೊಡಬ್ಯಾಡ್ರಿ. ಕೂಸು ಸಾಯ್ತೈತಿ. ನಮ್ಮ ಸಂಗನಬಸವಗ ಗುಣ ಆಗಿದ್ದು ಈ ಗುಳಿಗಿಲೆ. ನಿಮ್ಮ ಉಂಡಿಯಾಗ ನಾ ಅರದು ಹಾಕಾಕತ್ತಿದ್ದೆ."

ಕೂತವರೆಲ್ಲ ಎದ್ದು ನಿಂತರು. ಸಂಗನಬಸವ ತಾಯಿಯನ್ನು ನೋಡಿದ, ಬೆರಳಿನಿಂದ ತನ್ನ ಒಸಡನ್ನು ಮುಟ್ಟಿಕೊಂಡ. ಅಮರಗುಂಡಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಪಕ್ಕದವರಿಗಷ್ಟೇ ಕೇಳಿಸಿತು.

"ಎಂದಿನಿಂದ?"

"ನೀವು ಅವನ್ನ ಮಂದಿಗೆ ತೋರ್ಸಾಕ ಸುರು ಮಾಡೋಕಿಂತ ಮುಂಚಿನಿಂದ."

ಅವನು ಡಬ್ಬಿಯ ಮುಚ್ಚಳ ಹಾಕಲು ಹೋಗಿ, ಅದು ಕೂಡದೆ, ಹಾಗೇ ಕೂತುಬಿಟ್ಟ. ಅವನ ಕಡೆ ನೋಡಲು ಕಸ್ತೂರೆಮ್ಮನಿಗೆ ಹೊತ್ತಿರಲಿಲ್ಲ. ಹುಡುಗಿಯ ಕಾಲುಗಳನ್ನು ಎತ್ತಿ ಹಿಡಿದು ಆದೆಮ್ಮನ ಜೊತೆ ಟಂಟಂ ಹತ್ತಿದಳು. ಮಸ್ಕಿಯ ದವಾಖಾನೆಯಲ್ಲಿ ಒಂದು ಸೂಜಿ ಹಾಕಿ, ಇಲ್ಲಿ ಆಗುವುದಿಲ್ಲವೆಂದು ಆಂಬುಲೆನ್ಸಿನಲ್ಲಿ ಸಿಂಧನೂರಿಗೆ ಕಳಿಸಿದರು.

ದಾರಿಯಲ್ಲಿ ಒಣಹೊಲ ಮುಗಿದು ಕಾಲುವೆಯ ಹಸಿರು ಗದ್ದೆಗಳು ಶುರುವಾದವು. ಸೂಜಿಗೆ ಸೆಳೆತ ಸ್ವಲ್ಪ ತಗ್ಗಿತ್ತು, ನಿಂತಿರಲಿಲ್ಲ. ಆದೆಮ್ಮ ಮಗಳ ಬಿಚ್ಚಿದ ಜಡೆಯನ್ನು ಹೆಣೆಯುತ್ತ, ತಲೆಯೆತ್ತದೆ ಹೇಳಿದಳು.

"ಅವರಿಗೆ ಗೊತ್ತಿರ್ಲಿಲ್ಲ. ನಿಮಗ ಗೊತ್ತಿತ್ತು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಡೆದಿದ್ದರೆ ಇನ್ನೂ ಒಳ್ಳೆಯದಿತ್ತು. ಕಸ್ತೂರೆಮ್ಮ ಹುಡುಗಿಯ ತಣ್ಣನೆಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತ ಕೂತಳು.

ಸಿಂಧನೂರಿನಲ್ಲಿ ಹುಡುಗಿಯನ್ನು ಒಳಗೆ ಒಯ್ದು ರಕ್ತನಾಳಕ್ಕೆ ಔಷಧ ಬಿಟ್ಟರು. ಕೈಕಾಲು ಸಡಿಲವಾಗಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಉಸಿರು ಒಂದೇ ಸಮ ಆಯಿತು, ಮುಖಕ್ಕೆ ಬಣ್ಣ ಬಂತು. ಜೀವಕ್ಕೆ ಭಯವಿಲ್ಲ, ಆದರೆ ಇಷ್ಟು ಹೊತ್ತು ಸೆಳೆದದ್ದರಿಂದ ಮಿದುಳಿಗೆ ಏನಾಗಿದೆಯೋ ಎಚ್ಚರವಾದ ಮೇಲೆ ನೋಡಬೇಕು ಎಂದು ಮಕ್ಕಳ ಡಾಕ್ಟರು ಹೊರಗೆ ಬಂದು ಹೇಳಿದರು. ಅವರೇ ಹಿಂದೆ ಹುಲಿಗೆಮ್ಮನಿಗೆ ಗುಳಿಗೆ ಬರೆದುಕೊಟ್ಟವರು. ಸಿಟ್ಟಿನಲ್ಲಿ ಅವರ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಚಲೋ ಇದ್ದ ಹುಡುಗಿಗೆ ಗುಳಿಗಿ ಬಿಡ್ಸು ಅಂತ ಯಾರು ಹೇಳಿದ್ರು?"

ಆದೆಮ್ಮ ಕಸ್ತೂರೆಮ್ಮನ ಕಡೆಗೆ ನೋಡಿದಳು.

ಗಂಡನ ಹೆಸರು ಹೇಳಬಹುದಿತ್ತು. ಮೂರು ತಾಲೂಕಿಗೆ ಗೊತ್ತಿರುವ ಹೆಸರು, ಹೇಳಿದರೆ ಡಾಕ್ಟರು ಒಪ್ಪುತ್ತಿದ್ದರು, ಅದು ಸುಳ್ಳೂ ಆಗುತ್ತಿರಲಿಲ್ಲ.

"ನಾನ್ರಿ," ಅಂದಳು ಕಸ್ತೂರೆಮ್ಮ.